ಕಪ್‌ಗಳ ಪಟ್ಟಿ ಸಾಕು, ಬಾಜಿಯೊ ಕಥೆ ಬರೆಯಿರಿ

ಪ್ರಿಯರೇ,

ಇಟಲಿಯ ಫುಟ್‌ಬಾಲ್ ಕೋಚ್ ಕಾರ್ಲೊ ಆಂಚೆಲೊಟ್ಟಿ ಕುರಿತ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ‘ಸ್ಥಳಾಭಾವದಿಂದ ವಿಷಾದಿಸುತ್ತೇವೆ’ ಎಂದು ಒಂದು ಸಾಲು ಬರೆದು ಮುಗಿಸಬಹುದಿತ್ತು. ಆದರೆ ನಿಮ್ಮ ಆರನೆಯ ಪ್ಯಾರಾದಲ್ಲಿ, ನಿಮಗೇ ಗೊತ್ತಿಲ್ಲದ ಹಾಗೆ, ಒಳ್ಳೆಯ ಲೇಖನವೊಂದು ಅಡಗಿ ಕುಳಿತಿದೆ. ಅದಕ್ಕಾಗಿ ಇಷ್ಟು ಉದ್ದದ ಪತ್ರ.

ಮೊದಲು ತಕರಾರುಗಳು. ನಿಮ್ಮ ಆರಂಭದ ವಾಕ್ಯ: ‘ಫುಟ್‌ಬಾಲ್ ಲೋಕದ ಚಾಣಕ್ಯ, ಸೋಲನ್ನೇ ಅರಿಯದ ಮೌನ ಮಾಂತ್ರಿಕ, ಇತಿಹಾಸದಲ್ಲಿ ತಮ್ಮ ಹೆಸರನ್ನು ಸುವರ್ಣಾಕ್ಷರಗಳಲ್ಲಿ ಬರೆದ ಆಂಚೆಲೊಟ್ಟಿ...’ ಈ ವಾಕ್ಯದಲ್ಲಿ ಹೆಸರೊಂದನ್ನು ಬದಲಿಸಿದರೆ ಯಾವ ಕ್ರೀಡೆಯ ಯಾವ ಕೋಚ್‌ಗಾದರೂ ಹೊಂದುತ್ತದೆ. ಅದಕ್ಕಿಂತ ಕೆಟ್ಟ ಸಂಗತಿಯೆಂದರೆ ಅದು ನಿಜವಲ್ಲ. ಸೋಲನ್ನೇ ಅರಿಯದವರೇ? 2005ರಲ್ಲಿ ಯುರೋಪಿನ ಕ್ಲಬ್‌ಗಳ ಅತಿದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಇಸ್ತಾಂಬುಲ್ ಫೈನಲ್‌ನಲ್ಲಿ ಅವರ ಮಿಲಾನ್ ತಂಡ ಲಿವರ್‌ಪೂಲ್ ವಿರುದ್ಧ ವಿರಾಮದ ಹೊತ್ತಿಗೆ 3-0 ಮುಂದಿತ್ತು. ಉತ್ತರಾರ್ಧದ ಆರೇ ನಿಮಿಷಗಳಲ್ಲಿ ಮೂರು ಗೋಲು ಬಿಟ್ಟುಕೊಟ್ಟು ಕೊನೆಗೆ ಪೆನಾಲ್ಟಿಯಲ್ಲಿ ಸೋತಿತು. ಯುವೆಂಟಸ್ ಅವರನ್ನು ಕೈಬಿಟ್ಟಿದೆ, ಚೆಲ್ಸಿ ಕೈಬಿಟ್ಟಿದೆ, ರಿಯಲ್ ಮ್ಯಾಡ್ರಿಡ್, ಬಯರ್ನ್ ಮ್ಯೂನಿಕ್, ನಾಪೊಲಿ ಕೂಡ. ಇಷ್ಟು ಕಡೆ ಕೆಲಸ ಕಳೆದುಕೊಂಡವರನ್ನು ಸೋಲರಿಯದವರು ಎಂದರೆ ಓದುಗ ನಿಮ್ಮ ಉಳಿದ ಮಾತುಗಳನ್ನೂ ಅನುಮಾನದಿಂದಲೇ ನೋಡುತ್ತಾನೆ.

ಎರಡನೆಯ ಪ್ಯಾರಾದಲ್ಲಿ ರಾಹುಲ್ ದ್ರಾವಿಡ್ ಬರುತ್ತಾರೆ. ಇಬ್ಬರೂ ಶಾಂತ ಸ್ವಭಾವದವರು ಎಂಬುದಷ್ಟೇ ಕಾರಣ. ಕನ್ನಡ ಓದುಗರಿಗೆ ಇಟಲಿಯವರನ್ನು ಪರಿಚಯಿಸಲು ಬೆಂಗಳೂರಿನಿಂದಲೇ ಹೊರಡಬೇಕೆಂಬ ನಿಯಮವೇನೂ ಇಲ್ಲ. ತೆಗೆದುಹಾಕಿ.

ಮೂರರಿಂದ ಐದನೆಯ ಪ್ಯಾರಾಗಳು ಬರೀ ಕಪ್‌ಗಳು. ಕೋಚ್ ಆಗಿ 2003, 2007, 2014, 2022 ಮತ್ತು 2024ರಲ್ಲಿ ಐದು ಚಾಂಪಿಯನ್ಸ್ ಲೀಗ್; ಇಟಲಿ, ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ಪೇನ್ ಐದೂ ದೇಶಗಳ ಲೀಗ್ ಪ್ರಶಸ್ತಿ. ಎಲ್ಲ ಸರಿಯಾಗಿದೆ, ಎಲ್ಲವೂ ಇರಬೇಕಾದದ್ದೇ. ಆದರೆ ಲಗ್ನಪತ್ರಿಕೆಯ ಕೊನೆಯಲ್ಲಿ ಬರುವ ಬಂಧುಗಳ ಹೆಸರುಗಳ ಹಾಗೆ ಸಾಲಾಗಿ ನಿಲ್ಲಿಸಿದ್ದೀರಿ. ಈ ಮೂರು ಪ್ಯಾರಾಗಳು ಎರಡು ವಾಕ್ಯಕ್ಕೆ ಇಳಿಯಲಿ.

ಒಂದು ತಪ್ಪು ಮಾತ್ರ ಗಂಭೀರವಾದದ್ದು. ಅವರು 1982ರ ವಿಶ್ವಕಪ್ ಗೆದ್ದ ಇಟಲಿ ತಂಡದಲ್ಲಿದ್ದರು ಎಂದು ಬರೆದಿದ್ದೀರಿ. ಇರಲಿಲ್ಲ. 1981ರ ಅಕ್ಟೋಬರ್‌ನಲ್ಲಿ ರೋಮಾ ಪರ ಫಿಯೊರೆಂಟಿನಾ ವಿರುದ್ಧ ಆಡುತ್ತಿದ್ದಾಗ ಮಂಡಿಗೆ ತೀವ್ರ ಪೆಟ್ಟಾಗಿ ಆ ವಿಶ್ವಕಪ್ ಅವರ ಕೈತಪ್ಪಿತು. ಚೇತರಿಸಿಕೊಂಡು ಬಂದು 1983ರಲ್ಲಿ ರೋಮಾ ಜೊತೆ ಲೀಗ್ ಗೆದ್ದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮತ್ತೆ ಮಂಡಿ. ಹಾಗಾಗಿ 1984ರ ಮೇ ತಿಂಗಳಲ್ಲಿ ರೋಮಾ ತನ್ನದೇ ಊರಿನ ಒಲಿಂಪಿಕೊ ಕ್ರೀಡಾಂಗಣದಲ್ಲಿ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೆಯ ಹೆಸರು) ಫೈನಲ್ ಆಡುವಾಗ ಅವರು ಮೈದಾನದ ಹೊರಗಿದ್ದರು. ಆ ಪಂದ್ಯವನ್ನೂ ಲಿವರ್‌ಪೂಲ್ ಪೆನಾಲ್ಟಿಯಲ್ಲೇ ಗೆದ್ದಿತು. ವೃತ್ತಿಜೀವನದ ಎರಡು ದೊಡ್ಡ ಬೇಸಿಗೆಗಳನ್ನು ಮಂಡಿ ನುಂಗಿಹಾಕಿದ ಮಿಡ್‌ಫೀಲ್ಡರ್ (ನಡುಸಾಲಿನ ಆಟಗಾರ) ಒಬ್ಬರ ಕಥೆಯಲ್ಲಿ ನೀವು ಮಂಡಿಯನ್ನೇ ಬಿಟ್ಟು, ಅವರು ಗೆಲ್ಲದ ವಿಶ್ವಕಪ್ಪನ್ನು ಅವರ ಕೈಗಿಟ್ಟಿದ್ದೀರಿ. ವಾಸ್ತವ ಎಷ್ಟು ಹೆಚ್ಚು ಸ್ವಾರಸ್ಯದ್ದಾಗಿತ್ತು ನೋಡಿ.

ಈಗ ಆರನೆಯ ಪ್ಯಾರಾ. ಅಲ್ಲಿ ಒಂದು ವಾಕ್ಯವಿದೆ: ‘ಪಾರ್ಮದಲ್ಲಿದ್ದಾಗ ಅವರು ರೊಬೆರ್ಟೊ ಬಾಜಿಯೊ ಅವರನ್ನು ತಂಡಕ್ಕೆ ಸೇರಿಸಿಕೊಳ್ಳಲು ಒಪ್ಪಲಿಲ್ಲ.’ ಪೂರ್ಣವಿರಾಮ. ಮರುವಾಕ್ಯದಲ್ಲಿ ಯುವೆಂಟಸ್‌ಗೆ ಹಾರಿದ್ದೀರಿ. ಆ ಪೂರ್ಣವಿರಾಮದ ಜಾಗದಲ್ಲಿ ನಿಮ್ಮ ಲೇಖನ ಆರಂಭವಾಗಬೇಕು.

ಪಾರ್ಮ ಕ್ಲಬ್ಬಿನ ಕೋಚ್ ಆಗಿದ್ದವರು ಇಟಲಿಯ ಅತಿದೊಡ್ಡ ತಾರೆ ಬಾಜಿಯೊ ಅವರನ್ನು ಯಾಕೆ ಒಪ್ಪಲಿಲ್ಲ? ಅದಕ್ಕೆ 1987ಕ್ಕೆ ಹೋಗಬೇಕು. ಆಂಚೆಲೊಟ್ಟಿಗೆ ಆಗ 28 ವರ್ಷ, ಪೆಟ್ಟು ತಿಂದ ಮಂಡಿಗಳು. ಮಿಲಾನ್‌ನ ಹೊಸ ಕೋಚ್ ಅರಿಗೊ ಸಾಕಿ ಅವರನ್ನೇ ಬೇಕೆಂದರು. ಮಾಲೀಕ ಸಿಲ್ವಿಯೊ ಬೆರ್ಲುಸ್ಕೋನಿ ಹಿಂದೇಟು ಹಾಕಿದರು. ಕೊಂಡ ಮೇಲೂ ಬೆರ್ಲುಸ್ಕೋನಿಗೆ ಸಮಾಧಾನವಿರಲಿಲ್ಲ. ಸಂಗೀತವೇ ಓದಲು ಬಾರದ ವಾದ್ಯವೃಂದ ನಿರ್ದೇಶಕನನ್ನು ತಂದಿದ್ದೇವೆ ಎಂದು ದೂರಿದರಂತೆ. ಸಾಕಿ ಮಾಡಿದ್ದೇನು? ದಿನವೂ ಅಭ್ಯಾಸಕ್ಕೆ ಒಂದು ಗಂಟೆ ಮೊದಲೇ ಬರಹೇಳಿ, ಕ್ಲಬ್ಬಿನ ಕಿರಿಯರ ತಂಡದ ಹುಡುಗರ ಜೊತೆ ನಿಲ್ಲಿಸಿ, ಪ್ರತಿಯೊಂದು ಚಲನೆಯನ್ನೂ ಕಲಿಸಿದರು. ರೋಮಾಗೆ ಆಡಿ ಲೀಗ್ ಗೆದ್ದ ಅಂತರರಾಷ್ಟ್ರೀಯ ಆಟಗಾರ, ಹುಡುಗರ ಸಾಲಿನಲ್ಲಿ ನಿಂತು ಪಾಠ ಕಲಿಯುವುದು! ಇದನ್ನು ಸಾಕಿ ಅವರೇ ಹೇಳಿಕೊಂಡಿದ್ದಾರೆ. ನಿಮ್ಮ ಲೇಖನದಲ್ಲಿ ಇದು ಬಾರದಿದ್ದರೆ ಇನ್ನೇನು ಬರಬೇಕು?

ಆ ಪಾಠ ಏನೆಂಬುದನ್ನೂ ಓದುಗನಿಗೆ ಬಿಡಿಸಿ ಹೇಳಿ. ನೀವು ‘4-4-2 ತಂತ್ರ’ ಎಂದು ಬರೆದು ಮುಂದೆ ಸಾಗಿದ್ದೀರಿ. ಕ್ರಿಕೆಟ್ ನೋಡಿ ಬೆಳೆದವರಿಗೆ ಅದು ಟೆಲಿಫೋನ್ ಸಂಖ್ಯೆಯ ಹಾಗೆ ಕೇಳಿಸುತ್ತದೆ. ನಾಲ್ವರು ಹಿಂದೆ, ನಾಲ್ವರು ನಡುವೆ, ಇಬ್ಬರು ಮುಂದೆ. ಮುಂದಿನವನಿಗೂ ಹಿಂದಿನವನಿಗೂ ಸುಮಾರು 25 ಮೀಟರ್‌ಗಿಂತ ಹೆಚ್ಚು ಅಂತರವಿರಬಾರದು. ಚೆಂಡು ಸರಿದತ್ತ ಇಡೀ ತಂಡ ಒಟ್ಟಿಗೆ ಸರಿಯಬೇಕು, ಎದುರಾಳಿಗೆ ಉಸಿರಾಡಲು ಜಾಗ ಸಿಗಬಾರದು. ಇದರಲ್ಲಿ ಯಾರೊಬ್ಬನೂ ತನಗೆ ಬೇಕಾದಲ್ಲಿ ನಿಂತು ಚೆಂಡಿಗಾಗಿ ಕಾಯುವಂತಿಲ್ಲ. ಮಂಡಿ ಸರಿಯಿಲ್ಲದ, ಓಟದಲ್ಲಿ ಹಿಂದಿರುವ ಮಿಡ್‌ಫೀಲ್ಡರ್‌ಗೆ ಈ ವ್ಯವಸ್ಥೆ ವರವಾಯಿತು. ಎಲ್ಲಿ ನಿಲ್ಲಬೇಕೆಂದು ಮೊದಲೇ ತಿಳಿದಿದ್ದರೆ ಅಷ್ಟು ಓಡಬೇಕಿಲ್ಲ. 1989ರ ಏಪ್ರಿಲ್‌ನಲ್ಲಿ ಸಾನ್ ಸಿರೊದಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು ಮಿಲಾನ್ 5-0ಯಿಂದ ಮಣಿಸಿದಾಗ ಮೊದಲ ಗೋಲು ದೂರದಿಂದ ಹೊಡೆದವರು ಇದೇ ಆಂಚೆಲೊಟ್ಟಿ. ಆ ವರ್ಷವೂ ಮರುವರ್ಷವೂ ಮಿಲಾನ್ ಯುರೋಪಿಯನ್ ಕಪ್ ಗೆದ್ದಿತು.

ಹಾಗಾಗಿ ಸಾಕಿಯ ವ್ಯವಸ್ಥೆ ಅವರಿಗೆ ಬರಿಯ ಸಿದ್ಧಾಂತವಾಗಿರಲಿಲ್ಲ, ಋಣವೂ ಆಗಿತ್ತು. ಇದು ನನ್ನ ಓದು. ಒಪ್ಪದಿದ್ದರೆ ವಾದಿಸಿ, ಆದರೆ ಕಾರಣ ಕೊಟ್ಟು ವಾದಿಸಿ.

1994ರ ವಿಶ್ವಕಪ್‌ನಲ್ಲಿ ಆಂಚೆಲೊಟ್ಟಿ ಇಟಲಿ ತಂಡದಲ್ಲಿ ಸಾಕಿಗೆ ಸಹಾಯಕ. ನಾರ್ವೆ ವಿರುದ್ಧ ಗೋಲ್‌ಕೀಪರ್ ಪಾಲ್ಯೂಕಾಗೆ ಕೆಂಪು ಕಾರ್ಡ್ ಬಿದ್ದಾಗ, ಬದಲಿ ಗೋಲ್‌ಕೀಪರ್‌ಗೆ ಜಾಗ ಮಾಡಲು ಸಾಕಿ ಹೊರಗೆ ಕರೆದದ್ದು ಯಾರನ್ನು? ಬಾಜಿಯೊ ಅವರನ್ನು. ತಂಡದ ಅತಿದೊಡ್ಡ ತಾರೆ ನಂಬಲಾಗದೆ ಬೆಂಚಿನತ್ತ ನೋಡಿದ್ದು ದೂರದರ್ಶನದಲ್ಲಿ ಜಗತ್ತಿಗೇ ಕಾಣಿಸಿತು. ಆಂಚೆಲೊಟ್ಟಿ ಇದ್ದದ್ದು ಸಾಕಿಯ ಪಕ್ಷದಲ್ಲಿ. ಇಟಲಿ ಆ ಪಂದ್ಯ ಗೆದ್ದಿತು ಎಂಬುದನ್ನೂ ಮರೆಯಬೇಡಿ. ಗೆದ್ದದ್ದರಿಂದಲೇ ಪಾಠ ಇನ್ನಷ್ಟು ಗಟ್ಟಿಯಾಗಿರಬೇಕು. ಆಮೇಲೆ ಪಸಡೇನಾದ ಫೈನಲ್‌ನಲ್ಲಿ ಬಾಜಿಯೊ ಹೊಡೆದ ಪೆನಾಲ್ಟಿ ಗೋಲುಕಂಬಗಳ ಅಡ್ಡಪಟ್ಟಿಯ ಮೇಲಿಂದ ಹಾರಿಹೋಗಿ ಕಪ್ ಬ್ರೆಜಿಲ್ ಪಾಲಾಯಿತು.

ಕೋಚ್ ಆಗಿ ರೆಜಿಯಾನಾ ತಂಡವನ್ನು 1996ರಲ್ಲಿ ಮೇಲಿನ ದರ್ಜೆಗೇರಿಸಿದ ಮೇಲೆ ಆಂಚೆಲೊಟ್ಟಿ ಪಾರ್ಮಕ್ಕೆ ಬಂದರು. ಅವರು ಆಟಗಾರನಾಗಿ ಶುರುಮಾಡಿದ ಕ್ಲಬ್ಬೂ ಅದೇ. ಅಲ್ಲಿ ಜಾನ್‌ಫ್ರಾಂಕೊ ಝೋಲಾ ಇದ್ದರು, ಸ್ವಚ್ಛಂದವಾಗಿ ಆಡಬೇಕಾದ ಪ್ರತಿಭೆ. ಅವರನ್ನು ನಡುಸಾಲಿನ ಅಂಚಿಗೆ ತಳ್ಳಲಾಯಿತು. ನವೆಂಬರ್‌ನಲ್ಲಿ ಅವರು ಚೆಲ್ಸಿಗೆ ಹೋದರು, ಅದೇ ಋತುವಿನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಬರಹಗಾರರು ಅವರನ್ನು ವರ್ಷದ ಆಟಗಾರನೆಂದು ಆರಿಸಿದರು. ಮರುವರ್ಷ ಬಾಜಿಯೊ ಬರಲು ಸಿದ್ಧರಿದ್ದರು. ಆದರೆ ಮುಂಚೂಣಿಯ ಹಿಂದೆ ಸ್ವತಂತ್ರವಾಗಿ ಆಡುತ್ತೇನೆಂದರು. 4-4-2ರಲ್ಲಿ ಆ ಜಾಗವೇ ಇಲ್ಲ, ಆಂಚೆಲೊಟ್ಟಿ ಬೇಡವೆಂದರು. ಬಾಜಿಯೊ ಬೊಲೊನ್ಯಾಗೆ ಹೋಗಿ ಆ ಋತುವಿನ ಲೀಗ್‌ನಲ್ಲಿ 22 ಗೋಲು ಹೊಡೆದರು. ಬೇಡವೆಂದದ್ದು ತಮ್ಮ ತಪ್ಪು ಎಂದು ಆಂಚೆಲೊಟ್ಟಿ ಆಮೇಲೆ ಸಾರ್ವಜನಿಕವಾಗಿಯೇ ಒಪ್ಪಿಕೊಂಡಿದ್ದಾರೆ.

ಆದರೆ ಪಾರ್ಮವನ್ನು ಬರೀ ಮೂರ್ಖತನವೆಂದು ತೋರಿಸಬೇಡಿ. ಬುಫೊನ್, ಕನ್ನವಾರೊ, ತುರಾಮ್, ಕ್ರೆಸ್ಪೊ ಇದ್ದ ಆ ತಂಡ 1997ರಲ್ಲಿ ಯುವೆಂಟಸ್‌ಗಿಂತ ಎರಡೇ ಅಂಕ ಹಿಂದೆ ಬಿದ್ದು ಎರಡನೆಯ ಸ್ಥಾನ ಪಡೆಯಿತು. ಹಟ ಫಲ ಕೊಡುತ್ತಿದ್ದಾಗಲೇ ಹಟವನ್ನು ಬಿಡುವುದು ಕಷ್ಟ.

ಬಿಟ್ಟದ್ದು ಮುಂದೆ ಯುವೆಂಟಸ್ ಕೋಚ್ ಆದಾಗ. ಅಲ್ಲಿದ್ದವರು ಫ್ರಾನ್ಸಿನ ತಾರೆ ಝಿನೆದಿನ್ ಝಿದಾನ್. ಅವರನ್ನು ಅಂಚಿಗೆ ತಳ್ಳುವ ಯೋಚನೆಯನ್ನೇ ಮಾಡದೆ ಹಿಂದೆ ಮೂವರು ಡಿಫೆಂಡರ್‌ಗಳನ್ನು ಇರಿಸಿ, ಇಬ್ಬರು ಮುಂಚೂಣಿ ಆಟಗಾರರ ಬೆನ್ನಿಗೆ ಝಿದಾನ್‌ಗೆ ಬೇಕಾದಷ್ಟು ಜಾಗ ಮಾಡಿಕೊಟ್ಟರು. ಬಾಜಿಯೊಗೆ ಕೊಡದಿದ್ದ ಜಾಗ ಅದೇ. ಇಷ್ಟೆಲ್ಲ ಬದಲಾದರೂ ಲೀಗ್ ದಕ್ಕಲಿಲ್ಲ. 2000ದ ಮೇ 14ರಂದು ಪೆರೂಜಾದಲ್ಲಿ ಮಳೆ ಸುರಿದು ಪಂದ್ಯ ಒಂದು ಗಂಟೆಗೂ ಹೆಚ್ಚು ಹೊತ್ತು ನಿಂತಿತು. ನೀರು ನಿಂತ ಮೈದಾನದಲ್ಲಿ ಮತ್ತೆ ಆಟ ಶುರುವಾಗಿ, ಯುವೆಂಟಸ್ 1-0ಯಿಂದ ಸೋತು, ಪ್ರಶಸ್ತಿ ಒಂದೇ ಅಂಕದಿಂದ ಲಾಜಿಯೊ ಪಾಲಾಯಿತು. ಮರುವರ್ಷವೂ ಎರಡನೆಯ ಸ್ಥಾನ, ಆಮೇಲೆ ವಜಾ. ಈ ಭಾಗವನ್ನು ನಿಧಾನವಾಗಿ, ವಿವರವಾಗಿ ಬರೆಯಿರಿ. ಮಳೆ ನಿಲ್ಲುವುದನ್ನು ಕಾಯುತ್ತಿರುವ ಕೋಚ್ ನಿಮ್ಮ ‘ಮೌನ ಮಾಂತ್ರಿಕ’ನಿಗಿಂತ ಎಷ್ಟೋ ಜೀವಂತ.

ಮಿಡ್‌ಫೀಲ್ಡರ್ ಆಂಡ್ರಿಯಾ ಪಿರ್ಲೊ ಅವರನ್ನು ಹಿಂದಕ್ಕೆ ತಂದು, ಡಿಫೆನ್ಸ್‌ನ ಮುಂದೆ ನಿಲ್ಲಿಸಿ ಆಡಿಸಿದ ಮೊದಲಿಗರು, ಯುವೆಂಟಸ್ ಬಳಿಕ ಮಿಲಾನ್ ಕೋಚ್ ಆದ ಆಂಚೆಲೊಟ್ಟಿ ಎಂದು ಬರೆದಿದ್ದೀರಿ. 2001ರಲ್ಲಿ ಬ್ರೆಶಾ ಕ್ಲಬ್ಬಿನ ಕೋಚ್ ಕಾರ್ಲೊ ಮಜೋನೆ ಅದನ್ನು ಮಾಡಿಯಾಗಿತ್ತು. ಯಾಕೆ ಮಾಡಿದರು ಗೊತ್ತೇ? ಪಿರ್ಲೊ ಆಡಬೇಕಿದ್ದ ಮುಂದಿನ ಜಾಗದಲ್ಲಿ ಆ ಹೊತ್ತಿಗೆ ಬಾಜಿಯೊ ಇದ್ದರು! ಆಂಚೆಲೊಟ್ಟಿ ಬಾಗಿಲು ಹಾಕಿದ ಮನುಷ್ಯನಿಂದಾಗಿ ತೆರೆದ ದಾರಿಯಲ್ಲೇ ಅವರ ಮಿಲಾನ್ ತಂಡ ನಡೆಯಿತು. ಪಿರ್ಲೊ, ಸೀಡಾರ್ಫ್, ರೂಯಿ ಕೋಸ್ಟಾ, ಮೂವರೂ ಹಳೆಯ ಲೆಕ್ಕದಲ್ಲಿ ಒಂದೇ ತಂಡದಲ್ಲಿ ಹಿಡಿಸದವರು. ಮೂವರಿಗೂ ಜಾಗ ಮಾಡಿಕೊಟ್ಟು, ಓಡಾಟದ ಭಾರ ಗಟುಸೊ ಹೆಗಲಿಗೆ ಹಾಕಿ, 2003ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ತಮ್ಮನ್ನು ಹೊರಹಾಕಿದ ಯುವೆಂಟಸ್ ತಂಡವನ್ನೇ ಸೋಲಿಸಿ ಯುರೋಪಿನ ಕಪ್ ಎತ್ತಿದರು. ಈ ಎಳೆ ನಿಮ್ಮ ಲೇಖನದ ಬೆನ್ನೆಲುಬಾಗಲಿ. ಸಾಕಿಯ ಪಾಠ ಪೂರ್ತಿ ಅಳಿಸಿಹೋಯಿತು ಎಂದು ಮಾತ್ರ ಬರೆಯಬೇಡಿ. ಅವರ 2014ರ ರಿಯಲ್ ಮ್ಯಾಡ್ರಿಡ್ ತಂಡ ಚೆಂಡು ಕಳೆದುಕೊಂಡ ಕೂಡಲೇ ನಾಲ್ವರು-ನಾಲ್ವರು ಸಾಲಿಗೆ ಮರಳುತ್ತಿತ್ತು. ವಿಂಗರ್ (ಅಂಚಿನ ಆಟಗಾರ) ಆಗಿದ್ದ ಡಿ ಮರಿಯಾ ನಡುಸಾಲಿಗೆ ಬಂದು ಆ ವರ್ಷದ ಚಾಂಪಿಯನ್ಸ್ ಲೀಗ್‌ನ ಲಿಸ್ಬನ್ ಫೈನಲ್‌ನ ಶ್ರೇಷ್ಠ ಆಟಗಾರನಾದರು.

2003ರ ನಂತರದ್ದನ್ನು ಬೇಗ ದಾಟಿ. ಆದರೆ ವಜಾಗಳನ್ನು ಬಿಡಬೇಡಿ, ಅವು ಗೆಲುವುಗಳಿಗಿಂತ ಹೆಚ್ಚು ಮಾತಾಡುತ್ತವೆ. 2011ರಲ್ಲಿ ಚೆಲ್ಸಿ ಅವರನ್ನು ಎವರ್ಟನ್‌ನ ಗುಡಿಸನ್ ಪಾರ್ಕ್‌ನಲ್ಲಿ ಕೊನೆಯ ಪಂದ್ಯ ಮುಗಿದೊಡನೆ ತೆಗೆದುಹಾಕಿತು. ಎಂಟು ವರ್ಷಗಳ ಬಳಿಕ ಅದೇ ಕ್ರೀಡಾಂಗಣಕ್ಕೆ ಅವರು ಎವರ್ಟನ್ ಕೋಚ್ ಆಗಿ ಬಂದರು. 2015ರಲ್ಲಿ ಅವರ ತಪ್ಪೇನು ಎಂದು ಕೇಳಿದಾಗ ರಿಯಲ್ ಅಧ್ಯಕ್ಷ ಫ್ಲೊರೆಂಟಿನೊ ಪೆರೆಜ್ ಗೊತ್ತಿಲ್ಲ ಎಂದರು. 2019ರಲ್ಲಿ ನಾಪೊಲಿ ತೆಗೆದುಹಾಕಿದ್ದು ಹೆಂಕ್ ತಂಡವನ್ನು 4-0ಯಿಂದ ಗೆದ್ದ ರಾತ್ರಿ. ಬಯರ್ನ್ ಕಥೆ ಬೇರೆ: ಐವರು ಆಟಗಾರರು ಕೋಚ್ ವಿರುದ್ಧ ನಿಂತಿದ್ದರು ಎಂದು ಅಧ್ಯಕ್ಷ ಉಲಿ ಹೊನೆಸ್ ಬಹಿರಂಗವಾಗಿ ಹೇಳಿದರು. ನೀವು ಲೇಖನದುದ್ದಕ್ಕೂ ಹೊಗಳಿದ ಆ ಸಡಿಲ ಹಿಡಿತ, ಆ ಸಮಾಧಾನ, ಎಲ್ಲ ತಂಡಗಳ ಡ್ರೆಸ್ಸಿಂಗ್ ಕೋಣೆಗಳಲ್ಲೂ ಕೆಲಸ ಮಾಡುವುದಿಲ್ಲ. ಇದನ್ನು ಬರೆದರೆ ನಿಮ್ಮ ಹೊಗಳಿಕೆಗೇ ತೂಕ ಬರುತ್ತದೆ. ಹಾಗೆಯೇ 2014ರ ತೆರಿಗೆ ಪ್ರಕರಣದಲ್ಲಿ ಮ್ಯಾಡ್ರಿಡ್ ನ್ಯಾಯಾಲಯ 2025ರ ಜುಲೈನಲ್ಲಿ ಅವರನ್ನು ತಪ್ಪಿತಸ್ಥರೆಂದು ಹೇಳಿ ಒಂದು ವರ್ಷದ ಶಿಕ್ಷೆ ಮತ್ತು ದಂಡ ವಿಧಿಸಿದ್ದಕ್ಕೂ ಒಂದು ವಾಕ್ಯ ಬೇಕು. ಅಭಿಮಾನಿಯಾಗಿ ಬಿಟ್ಟಿದ್ದೀರಿ, ಲೇಖಕರಾಗಿ ಬಿಡುವಂತಿಲ್ಲ.

ಇನ್ನು ಸಣ್ಣಪುಟ್ಟವು. ತಂದೆ ಜ್ಯೂಸೆಪ್ಪೆ ರೆಜಿಯೊಲೊದಲ್ಲಿ ಹಸು ಸಾಕಿ ಚೀಸ್ ಮಾಡುತ್ತಿದ್ದ ರೈತ ಎಂಬ ವಿವರ ಇರಲಿ. ‘ಚೀಸಿನಂತೆ ಕಾಲ ಕಳೆದಂತೆ ಪಕ್ವವಾದ’ ಎಂಬ ಅಲಂಕಾರ ಬೇಡ, ಅವರ ಬಗ್ಗೆ ಬರೆದ ಪ್ರತಿಯೊಬ್ಬರೂ ಅದನ್ನು ಬಳಸಿ ಸವೆಸಿದ್ದಾರೆ. ಹೆಸರನ್ನು ಆನ್ಸೆಲೋಟಿ, ಅಂಸೆಲಾಟಿ, ಆಂಚೆಲೊಟ್ಟಿ ಎಂದು ಮೂರು ಬಗೆಯಾಗಿ ಬರೆದಿದ್ದೀರಿ, ಕೊನೆಯದನ್ನೇ ಇಟ್ಟುಕೊಳ್ಳಿ. 2025ರ ಮೇ ತಿಂಗಳಲ್ಲಿ ಬ್ರೆಜಿಲ್ ತಂಡದ ಹೊಣೆ ಹೊತ್ತದ್ದನ್ನು ‘ಹೊಸ ಅಧ್ಯಾಯ’ ಎಂದು ಕರೆಯುವ ಬದಲು, ಪಸಡೇನಾದಲ್ಲಿ ಅವರನ್ನು ಸೋಲಿಸಿದ ದೇಶವೇ ಅದು ಎಂದು ಓದುಗನಿಗೆ ನೆನಪಿಸಿ. ಜೂನ್ 10ರಂದು, ಅವರ 66ನೆಯ ಹುಟ್ಟುಹಬ್ಬದ ದಿನ, ಪರಾಗ್ವೆಯನ್ನು 1-0ಯಿಂದ ಸೋಲಿಸಿ ಬ್ರೆಜಿಲ್ ವಿಶ್ವಕಪ್‌ಗೆ ಅರ್ಹತೆ ಪಡೆಯಿತು ಎಂಬುದನ್ನೂ ಸೇರಿಸಬಹುದು.

ತಿದ್ದಿದ ಪ್ರತಿ 1200 ಪದ ಮೀರದಿರಲಿ. ಮೊಬೈಲ್‌ನಲ್ಲಿ ತುಂಡು ತುಂಡಾಗಿ ಕಳಿಸಬೇಡಿ, ಒಂದೇ ಕಡತವಾಗಿ ಕಳಿಸಿ. ಬಾಜಿಯೊ ಮೊದಲ ಪ್ಯಾರಾದಲ್ಲೇ ಬರಲಿ.

ವಿಶ್ವಾಸದಿಂದ,
ಸಂಪಾದಕ