ಸೊಳ್ಳೆ ಹಾರಿ ಬರಲಿಲ್ಲ

ನಮಸ್ಕಾರ. ನಿಮ್ಮ ‘ಚಿಕೂನ್‌ಗುನ್ಯಾ ಬಂದ ದಾರಿ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಲೂ ಮನಸ್ಸು ಬರುತ್ತಿಲ್ಲ.

ಮುಖ್ಯ ತಕರಾರು ಎರಡನೇ ಪುಟದ್ದು. ‘ಸೊಳ್ಳೆಗಳ ದಂಡು ಆಫ್ರಿಕಾದಿಂದ ಕಡಲು ದಾಟಿ ಬಂತು’ ಎಂದಿದ್ದೀರಿ. ಈ ಜ್ವರ ಹರಡುವ ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಕೆಲವು ನೂರು ಮೀಟರ್ ಹಾರಿದರೆ ಜಾಸ್ತಿ. ಅದು ನಮ್ಮ ಊರುಗಳಲ್ಲಿ ಮೊದಲೇ ಇತ್ತು. ಊರೂರು ತಿರುಗಿದ್ದು ಜನ, ಅವರ ರಕ್ತದಲ್ಲಿ ವೈರಸ್. ಜ್ವರ ಹತ್ತಿದ ಒಬ್ಬರು ಬಸ್ಸಿಳಿದು ಬಂದು, ಹಗಲು ಹೊತ್ತಿನಲ್ಲಿ ಇಲ್ಲಿನ ಸೊಳ್ಳೆ ಅವರನ್ನು ಕಚ್ಚಿದರೆ ಸಾಕಲ್ವಾ?

ಕಡಲು ದಾಟಿದ ಸೊಳ್ಳೆಯೂ ಉಂಟು, ಆದರೆ ಮೊಟ್ಟೆಯಾಗಿ. ಈಡಿಸ್‌ನದೇ ಒಂದು ಬಗೆಯಾದ ಹುಲಿ ಸೊಳ್ಳೆ ಇಟಲಿಗೆ ಸೇರಿದ್ದು ಹಳೇ ಟೈರುಗಳ ಜೊತೆ, ಹಡಗಿನಲ್ಲಿ. ಆ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ಸಾಯದು, ನೀರು ಬಿದ್ದರೆ ಒಡೆದು ಮರಿಯಾಗುತ್ತದೆ. 2007ರಲ್ಲಿ ಕೇರಳದಿಂದ ಹೋದ ಒಬ್ಬರ ಜ್ವರ ಅಲ್ಲಿನ ಹಳ್ಳಿಯೊಂದರಲ್ಲಿ ಶುರುವಾಗಿ ಇನ್ನೂರರಷ್ಟು ಜನಕ್ಕೆ ತಗಲಿತು. ಇದನ್ನು ಯಾಕೆ ಬಿಟ್ಟಿರಿ?

ಈ ಜ್ವರವನ್ನು ಮೊದಲು ಗುರುತಿಸಿದ 1952ರ ಟಾಂಜಾನಿಯಾದಿಂದ 2006ರ ಕರ್ನಾಟಕಕ್ಕೆ ಒಂದೇ ನೆಗೆತ ನೆಗೆದಿದ್ದೀರಿ. ನಡುವೆ 1963ರ ಕೋಲ್ಕತ್ತಾ ಇದೆ, 1973ರ ಮಹಾರಾಷ್ಟ್ರದ ಬಾರ್ಸಿ ಇದೆ. ಆಮೇಲೆ ನಮ್ಮ ದೇಶದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸದ್ದೇ ಇಲ್ಲ. 2004ರಲ್ಲಿ ಕೆನ್ಯಾ ಕರಾವಳಿಯಲ್ಲಿ ಎದ್ದಿತು. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಮೂವರಲ್ಲಿ ಒಬ್ಬರನ್ನು ಮಲಗಿಸಿತು. 2005ರ ಕೊನೆಗೆ ಆಂಧ್ರ, ಹಿಂದೆಯೇ ನಾವು. ಈ ಸಲ ಬಂದದ್ದು ವೈರಸ್‌ನ ಹಳೇ ತಳಿಯಲ್ಲ, ಆಫ್ರಿಕಾದ ಬೇರೊಂದು ತಳಿ. ಕಥೆ ಇರುವುದು ಆ ಮೌನದಲ್ಲಿ ಮತ್ತು ಈ ಹೊಸ ತಳಿಯಲ್ಲಿ. ನೀವು ಅಲ್ಲಿ ಸುಮ್ನೆ ‘ವಿಜ್ಞಾನದ ವಿಸ್ಮಯ’ ಅಂತ ಬರೆದು ಮುಂದೆ ಹೋಗಿದ್ದೀರಿ.

ಚಿಕೂನ್‌ಗುನ್ಯಾ ಎಂಬ ಹೆಸರಿಗೂ ಕೋಳಿಗೂ ಸಂಬಂಧವಿಲ್ಲ, ಆ ಸಾಲು ಹೊಡೆದುಹಾಕಿ. ಟಾಂಜಾನಿಯಾ ಕಡೆಯ ಮಕೊಂಡೆ ಭಾಷೆಯಲ್ಲಿ ಅದಕ್ಕೆ ಬಾಗಿಸುವುದು ಅಂತ ಅರ್ಥ.

ನಿಜವಾಗಿ ಬಾಗಿದವರು ನಿಮ್ಮ ಕೊನೆಯ ಪುಟದಲ್ಲಿದ್ದಾರೆ. ಬೆರಳು ಮಡಚಲಾಗದೆ, ಚೆಂಬನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು ನೀರು ಕುಡಿದ ನಿಮ್ಮ ಅಜ್ಜಿ. ಅಲ್ಲಿಂದಲೇ ಶುರು ಮಾಡಿ. ಆ ವರ್ಷ ಹಿತ್ತಲಿನ ಒಳಕಲ್ಲಿನಲ್ಲಿ ಮಳೆನೀರು ನಿಲ್ಲುತ್ತಿತ್ತಾ, ತೊಟ್ಟಿಯನ್ನು ಬರೀ ಖಾಲಿ ಮಾಡುತ್ತಿದ್ದರಾ, ಇಲ್ಲಾ ಅದರ ಗೋಡೆಗೆ ಅಂಟಿದ ಸೊಳ್ಳೆ ಮೊಟ್ಟೆ ಹೋಗುವಂತೆ ತಿಕ್ಕುತ್ತಿದ್ದರಾ, ಅವರನ್ನೇ ಕೇಳಿ. 800 ಪದ ಸಾಕು. ಮುಂದಿನ ತಿಂಗಳೊಳಗೆ ಕಳಿಸಿ.