ಕುಂಡದ ಪುದೀನ ನಡುವೆ ಬೋಳಾಗುವುದು ಯಾಕೆ? ಎದೆಯುರಿಗೆ ಅದರ ಕಷಾಯ ಕುಡಿಯಬಹುದಾ?

ನಿಮ್ಮ ಗಿಡ ಸತ್ತಿಲ್ಲ, ಜಾಗ ಸಾಲದೆ ಒದ್ದಾಡುತ್ತಿದೆ ಅಷ್ಟೇ. ಪುದೀನ ವರ್ಷಗಟ್ಟಲೆ ಬದುಕುವುದು ನಿಜ, ಆದರೆ ನಿಂತಲ್ಲೇ ನಿಂತು ಅಲ್ಲ. ಕಾಂಡ ಮಣ್ಣೊಳಗೆ ಹಬ್ಬುತ್ತಾ, ಗೆಣ್ಣುಗೆಣ್ಣಿಗೂ ಬೇರು ಬಿಡುತ್ತಾ ಮುಂದೆ ಹೋಗುತ್ತದೆ. ಹಳೇ ಬುಡ ಹಿಂದೆ ಒಣಗುತ್ತದೆ. ಕುಂಡದಲ್ಲಿ ಮುಂದೆ ಹೋಗಲು ಜಾಗ ಎಲ್ಲಿದೆ? ಅಂಚಿಗೆ ಸುತ್ತಿಕೊಳ್ಳುತ್ತದೆ, ನಡುವೆ ಖಾಲಿ.

ಗಿಡವನ್ನು ಮಣ್ಣು ಸಮೇತ ಹೊರಗೆ ತೆಗೆಯಿರಿ. ಅಂಚಿನಲ್ಲಿ ಬಿಳಿ ಬೇರು, ಎಳೆ ಚಿಗುರು ಇರುವ ತುಂಡುಗಳನ್ನು ಇಟ್ಟುಕೊಳ್ಳಿ, ನಡುವಿನ ಒಣ ಬುಡ ಬಿಸಾಕಿ. ಹೊಸ ಮಣ್ಣಿಗೆ ಗೊಬ್ಬರ ಬೆರೆಸಿ, ಬಾಯಿ ಅಗಲವಾದ ಕುಂಡದಲ್ಲಿ ನೆಡಿ. ನಾನು ವರ್ಷಕ್ಕೊಮ್ಮೆ ಹೀಗೆ ಮಾಡುತ್ತೇನೆ. ಮಣ್ಣು ಸದಾ ತೇವ ಇರಲಿ, ನೀರು ನಿಲ್ಲದಿರಲಿ. ಬಿಸಿಲು ಜೋರಾಗಿದ್ದರೆ ಮಧ್ಯಾಹ್ನ ನೆರಳು ಬೇಕು. ಕುಂಡ ಬಿಟ್ಟು ನೇರವಾಗಿ ನೆಲಕ್ಕೆ ನೆಡಬೇಡಿ, ಪಕ್ಕದ ಗಿಡಗಳ ಜಾಗವನ್ನೂ ನುಂಗಿಬಿಡುತ್ತದೆ.

ನಿಮ್ಮದು ಪೆಪ್ಪರ್‌ಮಿಂಟ್ ಎಂಬ ಬಗೆಯ ಪುದೀನವಾದರೆ ಬೀಜ ಹುಡುಕುವುದೂ ವ್ಯರ್ಥ. ಅದು ಎರಡು ಜಾತಿ ಬೆರೆತು ಹುಟ್ಟಿದ ಗಿಡ, ಸಾಮಾನ್ಯವಾಗಿ ಬೀಜವೇ ಕಟ್ಟುವುದಿಲ್ಲ. ಗೆಣ್ಣಿನ ಕೆಳಗೆ ಕತ್ತರಿಸಿದ ಕಡ್ಡಿಯನ್ನು ನೀರಲ್ಲಿಟ್ಟರೆ ಒಂದೆರಡು ವಾರದಲ್ಲಿ ಬೇರು ಬರುತ್ತದೆ.

ಇನ್ನೊಂದು ಮಾತು, ಪಾಪ ಅಂತ ಒಂದೊಂದೇ ಎಲೆ ಕೀಳಬೇಡಿ. ಬುಡದಲ್ಲಿ ಎರಡು ಜೋಡಿ ಎಲೆ ಬಿಟ್ಟು ಕಾಂಡವನ್ನೇ ಕತ್ತರಿಸಿ. ಪ್ರತಿ ಗೆಣ್ಣಿನಲ್ಲೂ ಎರಡು ಕವಲು ಒಡೆಯುತ್ತವೆ. ಹೂ ಬಿಡುವ ಮುಂಚೆ ಕೊಯ್ದರೆ ಎಲೆಯೂ ಎಳೆಯದು, ಘಮವೂ ಚೆನ್ನಾಗಿರುತ್ತದೆ. ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ತುಕ್ಕು ರೋಗ. ಆ ಕಾಂಡಗಳನ್ನು ಬುಡದವರೆಗೆ ಕತ್ತರಿಸಿ ದೂರ ಎಸೆಯಿರಿ, ಗೊಬ್ಬರದ ಗುಂಡಿಗೆ ಹಾಕಬೇಡಿ.

ಅಡುಗೆಗೆ ಹಾಕುವುದಾದರೆ ಕೊನೆಯಲ್ಲಿ ಹಾಕಿ. ಜಾಸ್ತಿ ಕುದಿಸಿದರೆ ಘಮ ಆವಿಯಾಗಿ ಹೋಗುತ್ತದೆ. ಕಷಾಯಕ್ಕೂ ಅಷ್ಟೇ, ಕುದಿದ ನೀರು ಸುರಿದು ಮುಚ್ಚಳ ಮುಚ್ಚಿ.

ಈಗ ಎದೆಯುರಿ. ಇದಕ್ಕೆ ನನ್ನ ಉತ್ತರ ಬೇಡ ಅಂತಲೇ. ಬಾಯಿಗೆ ತಂಪು ಅನ್ನಿಸುವುದು ಮೆಂಥಾಲ್‌ನಿಂದ. ಅದು ನಾಲಿಗೆಯ ತಣ್ಣನೆ ಅರಿಯುವ ನರಗಳನ್ನು ಕೆಣಕುತ್ತದೆ, ಏನನ್ನೂ ನಿಜವಾಗಿ ತಣ್ಣಗಾಗಿಸುವುದಿಲ್ಲ. ಪುದೀನ ಎಣ್ಣೆ ಕರುಳಿನ ಸ್ನಾಯು ಸಡಿಲಿಸುತ್ತದೆ, ಹಾಗಾಗಿಯೇ ಕರುಳು ಹಿಡಿದಂಥ ನೋವಿಗೆ ಅದರ ಕ್ಯಾಪ್ಸೂಲ್ ಕೊಡುತ್ತಾರೆ. ಆದರೆ ಅನ್ನನಾಳದ ಕೆಳಬಾಯಿಯೂ ಸ್ನಾಯುವೇ ಅಲ್ವಾ? ಅದೂ ಸಡಿಲಾದರೆ ಹುಳಿ ಮೇಲೆ ಬರುತ್ತದೆ, ಉರಿ ಹೆಚ್ಚುತ್ತದೆ. ಉರಿ ಇಲ್ಲದ ಬರೀ ಹೊಟ್ಟೆಯುಬ್ಬರವಾದರೆ ಊಟದ ಮೇಲೆ ಒಂದು ಲೋಟ ಕುಡಿದು ನೋಡಿ. ಮನೆಯಲ್ಲಿ ಹಸುಗೂಸು ಇದ್ದರೆ ಅದರ ಮೂಗು, ಮುಖಕ್ಕೆ ಪುದೀನ ಎಣ್ಣೆಯಾಗಲಿ ಮೆಂಥಾಲ್ ಮುಲಾಮಾಗಲಿ ಹಚ್ಚಬೇಡಿ. ಉಸಿರು ಕಟ್ಟುವ ಅಪಾಯವಿದೆ.