‘ಯಾರೂ ಫೋನ್ ಮಾಡದಿದ್ದರೆ ಹೆದರಿಕೆ ಆಗುತ್ತೆ’

ಖಿನ್ನತೆಯಿಂದ ಚೇತರಿಸಿಕೊಂಡವರು ಕೆಲವೇ ತಿಂಗಳಲ್ಲಿ ‘ನಾನೂ ಆಪ್ತಸಲಹೆ ಕಲಿಯಬೇಕು’ ಎಂದು ಬಂದು ಕೂರುವುದು ಈ ವೃತ್ತಿಯಲ್ಲಿರುವವರಿಗೆ ಹೊಸದಲ್ಲ. ಬೆನ್ನು ತಟ್ಟಿ ಕಳಿಸುವುದು ಸುಲಭ. ‘ಮೊದಲು ನೀವು ಪೂರ್ತಿ ಹುಷಾರಾಗಿ’ ಎಂದು ಬಾಗಿಲು ಹಾಕುವುದು ಇನ್ನೂ ಸುಲಭ. ಈ ಪ್ರಕರಣದಲ್ಲಿ ಎರಡನ್ನೂ ಮಾಡಲಿಲ್ಲ, ಅದಕ್ಕೆ ಕಾರಣಗಳಿವೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಲಾಗಿದೆ.

ಮೂವತ್ತರ ಆಸುಪಾಸಿನ ಯುವತಿ. ಎರಡು ಸಲ ತೀವ್ರ ಖಿನ್ನತೆ ಬಂದು ಹೋಗಿತ್ತು. ಎರಡನೆಯ ಸಲ ಸಾಯುವ ಯೋಚನೆಯೂ ಇತ್ತು. ಮನೋವೈದ್ಯರ ಔಷಧಿ, ಮಾತಿನ ಚಿಕಿತ್ಸೆ ಎರಡೂ ಸೇರಿ ಚೇತರಿಕೆಯಾಗಿ ಕೆಲಸಕ್ಕೆ ಮರಳಿದ್ದರು. ಈಗ ಆ ಕೆಲಸ ಬಿಟ್ಟು ಆಪ್ತಸಲಹೆಯ ಕೋರ್ಸ್ ಸೇರುವ ಆಸೆ. ಯಾವ ಕೋರ್ಸ್ ಒಳ್ಳೆಯದು ಎಂದಷ್ಟೇ ಕೇಳಲು ಬಂದಿದ್ದರು.

ಕೋರ್ಸಿನ ಮಾತಿಗೆ ಮುಂಚೆ ನಿದ್ದೆಯ ಬಗ್ಗೆ ಕೇಳಿದೆ. ಖಿನ್ನತೆ ಮರಳುವಾಗ ಅನೇಕರಲ್ಲಿ ಮೊದಲು ಕೆಡುವುದು ನಿದ್ದೆಯೇ. ನಾಲ್ಕೈದು ಗಂಟೆ ಮಲಗಿದರೆ ಹೆಚ್ಚು ಎಂದರು. ಮನಸ್ಸು ಸರಿಯಿಲ್ಲದ ಗೆಳತಿಯರು, ಗೆಳತಿಯರ ಪರಿಚಯದವರು ರಾತ್ರಿ ಇವರಿಗೆ ಫೋನ್ ಮಾಡುತ್ತಿದ್ದರು. ‘ನನಗೆ ಅರ್ಥ ಆಗುತ್ತಲ್ಲ, ಅದಕ್ಕೇ ನನಗೆ ಮಾಡ್ತಾರೆ. ಮಾತ್ರೆ ತಗೊಂಡ್ರೆ ಹತ್ತು ಗಂಟೆಗೇ ಕಣ್ಣು ಎಳೆಯುತ್ತೆ. ಆಮೇಲೆ ಯಾರಾದ್ರೂ ಮಾಡಿದ್ರೆ? ಹಾಗಾಗಿ ವಾರದಲ್ಲಿ ಎರಡು ಮೂರು ದಿನ ಮಾತ್ರೆ ಬಿಟ್ಟುಬಿಡ್ತೀನಿ.’

ಇದನ್ನು ಹೇಳುವಾಗ ಮುಖದಲ್ಲಿ ಹೆಮ್ಮೆಯಿತ್ತು. ನಾನು ಕೇಳಿದೆ: ‘ಅವರೆಲ್ಲ ಹುಷಾರಾದರು, ಒಂದು ತಿಂಗಳು ಯಾರೂ ಫೋನ್ ಮಾಡಲಿಲ್ಲ ಅಂತ ಇಟ್ಕೊಳ್ಳಿ. ಹೇಗನ್ನಿಸುತ್ತೆ?’

‘ಖುಷಿ ಆಗುತ್ತೆ’ ಎಂದರು ತಕ್ಷಣ. ಸ್ವಲ್ಪ ಹೊತ್ತು ಬಿಟ್ಟು, ‘ಇಲ್ಲ ಮೇಡಂ, ಹೆದರಿಕೆ ಆಗುತ್ತೆ. ಯಾರೂ ಮಾಡದಿದ್ದರೆ ನಾನು ಬರೀ ಕಾಯಿಲೆ ಬಂದು ಹೋದವಳು ಅಷ್ಟೆ.’

ಆ ದಿನದ ಉಳಿದ ಸಮಯವೆಲ್ಲ ಈ ಒಂದು ಮಾತಿಗೇ ಹೋಯಿತು. ತನ್ನ ನೋವು ವ್ಯರ್ಥವಾಗಬಾರದು ಎಂದು ಬಯಸುವುದು ತಪ್ಪಲ್ಲ. ಆದರೆ ಅದು ಸಾರ್ಥಕವಾಗಲು ಇನ್ನೊಬ್ಬರು ಕಷ್ಟದಲ್ಲಿರಲೇಬೇಕು ಎನ್ನುವಂತಾದರೆ ಎದುರಿಗೆ ಕೂತವರ ಮೇಲೆ ಹುಷಾರಾಗುವ ಹೊರೆ ಬೀಳುತ್ತದೆ. ಅವರು ಸುಧಾರಿಸದಿದ್ದರೆ ಸಲಹೆಗಾರರೇ ಸೋತಂತೆ ಕುಸಿಯುತ್ತಾರೆ. ಸುಧಾರಿಸಿ ದೂರವಾದರೆ ಕೈಬಿಟ್ಟು ಹೋದಂತೆ ನೊಂದುಕೊಳ್ಳುತ್ತಾರೆ. ಬಂದವರು ಒಂದು ದಿನ ಬರುವುದನ್ನು ನಿಲ್ಲಿಸಲೆಂದೇ ನಡೆಯುವ ಕೆಲಸ ಇದು.

ಮೊದಲ ಸಲಹೆ ಮಾತ್ರೆಯದು. ತೂಕಡಿಕೆ ಹೆಚ್ಚಾದರೆ ಹೊತ್ತು ಬದಲಿಸಬಹುದು, ಪ್ರಮಾಣ ಹೊಂದಿಸಬಹುದು, ಔಷಧಿಯನ್ನೇ ಬದಲಿಸಬಹುದು. ಅದನ್ನು ಮಾಡಬೇಕಾದವರು ಮನೋವೈದ್ಯರು, ಆ ವಾರವೇ ಅವರನ್ನು ಕಾಣಿ ಎಂದೆ. ಮೊದಲ ಸಲದ ಖಿನ್ನತೆಯಾದರೆ ಲಕ್ಷಣಗಳು ಹೋದ ಮೇಲೂ ಸಾಮಾನ್ಯವಾಗಿ 6ರಿಂದ 9 ತಿಂಗಳು ಔಷಧಿ ಮುಂದುವರಿಸುತ್ತಾರೆ. ಮರುಕಳಿಸಿದ್ದರೆ ಇನ್ನೂ ಹೆಚ್ಚು ಕಾಲ, ಎಷ್ಟೋ ಸಲ ಎರಡು ವರ್ಷ ಅಥವಾ ಅದಕ್ಕೂ ಮೇಲೆ. ಒಮ್ಮೆಲೇ ಬಿಟ್ಟವರಿಗೆ ಕೆಲವೇ ದಿನಗಳಲ್ಲಿ ತಲೆಸುತ್ತು, ಸಿಡಿಮಿಡಿ, ತಲೆಯೊಳಗೆ ಶಾಕ್ ಹೊಡೆದಂಥ ಅನುಭವ ಆಗುವುದುಂಟು. ಇದಕ್ಕಿಂತ ಮೋಸ ಮಾಡುವುದು ಏನೂ ಆಗದವರ ಕಥೆ. ‘ನೋಡಿ, ಮಾತ್ರೆ ಬೇಕೇ ಇರಲಿಲ್ಲ’ ಎಂದುಕೊಳ್ಳುತ್ತಾರೆ, ಕಾಯಿಲೆ ತಿಂಗಳುಗಳ ನಂತರ ಬರುತ್ತದೆ, ಎರಡಕ್ಕೂ ಸಂಬಂಧವಿದೆ ಎಂದು ಹೊಳೆಯುವುದೇ ಇಲ್ಲ. ಮಾತ್ರೆ ನುಂಗುವವರು ಆಪ್ತಸಲಹೆ ಮಾಡುವುದು ಹೇಗೆ ಎಂದೂ ಆಕೆ ಕೇಳಿದರು. ಬಿಪಿ ಮಾತ್ರೆ ನುಂಗುವ ಹೃದ್ರೋಗ ತಜ್ಞರು ಎಷ್ಟೋ ಜನ ಇದ್ದಾರೆ.

ಎರಡನೆಯದು ಫೋನ್. ಗೆಳತಿಯರಿಗೆ ಕಳಿಸಬೇಕಾದ ಸಂದೇಶವನ್ನು ಅಲ್ಲೇ ಕೂತು ಬರೆದೆವು: ‘ರಾತ್ರಿ 9.30ರ ನಂತರ ನಾನು ಫೋನ್ ಎತ್ತುವುದಿಲ್ಲ. ಮಾತಾಡಬೇಕಿದ್ದರೆ ಬೆಳಿಗ್ಗೆ ಮಾಡು. ಬದುಕುವುದೇ ಬೇಡ ಅನ್ನಿಸಿದರೆ ನನಗಾಗಿ ಕಾಯಬೇಡ, ಮನೆಯಲ್ಲಿರುವವರನ್ನು ಎಬ್ಬಿಸು, ಸಹಾಯವಾಣಿಗೆ ಕರೆ ಮಾಡು ಅಥವಾ ಆಸ್ಪತ್ರೆಗೆ ಹೋಗು.’ ಕೊನೆಯ ಸಾಲು ಬರೆಯುವಾಗ ಆಕೆಗೆ ಅಳು ಬಂತು, ನಿರ್ದಯವಾಗಿದೆ ಎಂದರು. ನನ್ನ ಪ್ರಕಾರ ನಿರ್ದಯವಾದದ್ದು ಅದಕ್ಕೆ ವಿರುದ್ಧವಾದದ್ದು: ಒಂದು ಜೀವ ಉಳಿಯುವುದು ನಿದ್ದೆಗೆಟ್ಟ ಒಬ್ಬರ ಫೋನಿನ ಮೇಲೆ ನಿಂತಿರುವುದು. ಹಗಲಲ್ಲಿ ಅಂಥ ಕರೆ ಬಂದರೆ ಮಾಡಬೇಕಾದದ್ದನ್ನೂ ಹೇಳಿಕೊಟ್ಟೆ. ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಒಂಟಿಯಾಗಿ ಬಿಡಬಾರದು, ಹಾನಿಗೆ ಬಳಸಬಹುದಾದ ವಸ್ತುಗಳನ್ನು ಜೊತೆಯಲ್ಲಿರುವವರಿಂದ ದೂರ ಇಡಿಸಬೇಕು, ವೈದ್ಯರಿಗೆ ಒಪ್ಪಿಸಬೇಕು. ಯಾರಿಗೂ ಹೇಳುವುದಿಲ್ಲ ಎಂಬ ಮಾತನ್ನು ಮಾತ್ರ ಕೊಡಬಾರದು.

ಮೂರನೆಯದು ಒಂದು ಹಾಳೆ. ಹಿಂದಿನ ಎರಡು ಸಲವೂ ಕಾಯಿಲೆಗೆ ಮೊದಲು ಏನೇನು ಕಾಣಿಸಿತ್ತು? ಬೆಳಗಿನ ಜಾವ ಮೂರಕ್ಕೆ ಎಚ್ಚರ, ಸ್ನಾನ ಮುಂದೂಡುವುದು, ಬಂದ ಸಂದೇಶಗಳಿಗೆ ಉತ್ತರ ಬರೆಯದಿರುವುದು. ಇವುಗಳಲ್ಲಿ ಎರಡು ಒಂದು ವಾರ ಕಂಡರೆ ವೈದ್ಯರ ಬಳಿ ಹೋಗಬೇಕು. ಖಿನ್ನತೆ ಎಂದು ಹೆಸರಿಡಲು ಲಕ್ಷಣಗಳು ಎರಡು ವಾರ ಇರಬೇಕೆನ್ನುವುದು ವೈದ್ಯರ ಲೆಕ್ಕ. ಸಹಾಯ ಕೇಳಲು ಅಷ್ಟು ಕಾಯಬೇಕಿಲ್ಲ. ಹಾಳೆಯ ಒಂದು ಪ್ರತಿ ಅಕ್ಕನ ಹತ್ತಿರ ಇರಲಿ, ಇವರಿಗೆ ಕಾಣದ್ದು ಅವರಿಗೆ ಕಂಡರೆ ಹೇಳುವ ಅಧಿಕಾರವೂ ಇರಲಿ ಎಂದೆ. ಹದಿನೈದು ದಿನಕ್ಕೊಮ್ಮೆ ಪಿಎಚ್‌ಕ್ಯೂ-9 ಎಂಬ, ಖಿನ್ನತೆಯ ತೀವ್ರತೆ ಅಳೆಯುವ ಪ್ರಶ್ನಾವಳಿ ತುಂಬುವುದು: ಒಂಬತ್ತು ಪ್ರಶ್ನೆ, 0ಯಿಂದ 27ರವರೆಗೆ ಅಂಕ. 10 ಮುಟ್ಟಿದರೆ ವೈದ್ಯರ ಭೇಟಿ. ಸಾವಿನ ಯೋಚನೆ ಕುರಿತ ಒಂಬತ್ತನೆಯ ಪ್ರಶ್ನೆಗೆ ಸೊನ್ನೆ ಬಿಟ್ಟು ಬೇರೆ ಉತ್ತರ ಬಂದರೆ, ಒಟ್ಟು ಅಂಕ ಎಷ್ಟೇ ಇರಲಿ, ಅಂದೇ ವೈದ್ಯರೊಡನೆ ಮಾತಾಡಬೇಕು.

ಕೋರ್ಸಿನ ಮಾತು ಬಂದದ್ದು ಇಷ್ಟೆಲ್ಲ ಆದ ಮೇಲೆ. ಉತ್ಸಾಹಕ್ಕೆ ನೀರೆರಚಿದಿರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಒಪ್ಪುವುದಿಲ್ಲ. ಸಾಯುವ ಯೋಚನೆ ಮತ್ತೆ ಮತ್ತೆ ಕಾಡುವವರಿಗೆಂದು ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆಯ ಪದ್ಧತಿಯನ್ನು ರೂಪಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಶಾ ಲಿನೆಹನ್ ಹದಿಹರೆಯದಲ್ಲಿ ಮನೋರೋಗ ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದವರು. ಅದನ್ನು ಅವರು ಸಾರ್ವಜನಿಕವಾಗಿ ಹೇಳಿದ್ದು 2011ರಲ್ಲಿ. ಆದರೆ ಅವರ ಚಿಕಿತ್ಸೆಯ ಮೊದಲ ವೈಜ್ಞಾನಿಕ ಪ್ರಯೋಗದ ವರದಿ ಬಂದದ್ದು 1991ರಲ್ಲೇ. ಆ ಪದ್ಧತಿಯಲ್ಲಿ ಚಿಕಿತ್ಸಕರೆಲ್ಲ ನಿಯಮಿತವಾಗಿ ಸೇರಿ ಒಬ್ಬರಿಗೊಬ್ಬರು ಆಸರೆಯಾಗುವುದು ಚಿಕಿತ್ಸೆಯದೇ ಒಂದು ಭಾಗ. ನೋವು ತಿಂದವರು ಈ ಕೆಲಸಕ್ಕೆ ಬರಬಾರದು ಎಂದು ಯಾರೂ ಹೇಳುತ್ತಿಲ್ಲ, ಒಂಟಿಯಾಗಿ ಬರಬಾರದು ಅಷ್ಟೆ.

ದಾರಿಗಳೂ ಒಂದೇ ಅಲ್ಲ. ಸಮಾನಾನುಭವಿ ಬೆಂಬಲಿಗರ, ಅಂದರೆ ಅಂಥದೇ ಕಾಯಿಲೆ ದಾಟಿ ಬಂದು ಇತರರಿಗೆ ಜೊತೆಯಾಗುವವರ ಕೆಲಸದಲ್ಲಿ ಸ್ವಂತ ಅನುಭವವೇ ಬಂಡವಾಳ. ಆಪ್ತಸಲಹೆಯಲ್ಲಿ ಅದು ಹಿಂದೆ ಸರಿದು ಕೂರಬೇಕು. ಸ್ವಂತದ್ದನ್ನು ಹೇಳಿದ ಮೇಲೆ ಮುಂದಿನ ಮಾತು ಯಾರ ಬಗ್ಗೆ ಬಂತು ಎಂದು ಗಮನಿಸಿ: ಬಂದವರು ನಿಮ್ಮನ್ನೇ ಸಮಾಧಾನ ಮಾಡತೊಡಗಿದರೆ ಅದನ್ನು ಹೇಳಬಾರದಿತ್ತು. ಆಕೆ ಕೆಲಸ ಬಿಡದೆ, ವಾರಾಂತ್ಯದ ಬೆಂಬಲಿಗರ ತರಬೇತಿಯಿಂದ ಶುರು ಮಾಡಿದ್ದಾರೆ. ರಾತ್ರಿ ಫೋನ್ ಎತ್ತುವುದು ಇನ್ನೂ ಪೂರ್ತಿ ನಿಂತಿಲ್ಲ.

ಕೋರ್ಸ್ ಹುಡುಕುವವರು ಶುಲ್ಕ ಕೇಳುವ ಮುಂಚೆ ಇವನ್ನು ಕೇಳಲಿ: ಮೇಲ್ವಿಚಾರಣೆಯಲ್ಲಿ ಎಷ್ಟು ಗಂಟೆ ನಿಜವಾದ ಜನರೊಡನೆ ಕೆಲಸ ಮಾಡಿಸುತ್ತೀರಿ? ಮೇಲ್ವಿಚಾರಕರೇ ನನ್ನ ಚಿಕಿತ್ಸಕರೂ ಆಗಿರುತ್ತಾರೆಯೇ? (ಆಗಿರಬಾರದು.) ನಡುವೆ ನಾನು ಕಾಯಿಲೆ ಬಿದ್ದರೆ ರಜೆ ಪಡೆದು ಮರಳಬಹುದೇ, ಅದು ಬರಹದಲ್ಲಿ ಇದೆಯೇ? ಮೂರನೆಯ ಪ್ರಶ್ನೆಗೆ ‘ನಮ್ಮಲ್ಲಿ ಹಾಗೆಲ್ಲ ಆಗಿಲ್ಲ’ ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ.